ಕರೆ ತಿರುಗಿ ತಿರುಗಿ ನಮ್ಮ ಸರ್ವರ್‌ಗೇ ಬರುತ್ತಿದೆ, ಎಲ್ಲಿ ಹುಡುಕಲಿ?

ಓದುಗರ ಪ್ರಶ್ನೆ: ನಮ್ಮ ಆಫೀಸಿನಲ್ಲಿ 40 ಐಪಿ ಫೋನ್‌ಗಳಿವೆ. ಮುಂದೆ ಕಮೈಲಿಯೊ (ಕರೆಯ ಮೆಸೇಜ್‌ಗಳನ್ನು ದಾಟಿಸುವ ಪ್ರಾಕ್ಸಿ ಸರ್ವರ್), ಅದರ ಹಿಂದೆ ಆಸ್ಟರಿಸ್ಕ್ (ಕರೆ ಜೋಡಿಸುವ ಎಕ್ಸ್‌ಚೇಂಜ್ ಸಾಫ್ಟ್‌ವೇರ್), ಎರಡೂ ಒಂದೇ ಮೆಷಿನ್‌ನಲ್ಲಿ. ಹೋದ ತಿಂಗಳು ಆಫೀಸಿನಲ್ಲಿದ್ದ ಹಳೇ ಸರ್ವರ್ ಬಿಟ್ಟು ಕ್ಲೌಡ್‌ಗೆ ಹೋದೆವು. ಕಾನ್ಫಿಗ್ ಫೈಲ್ ಹಳೆಯದೇ, ಹೊಸ ಪಬ್ಲಿಕ್ ಐಪಿ ಮಾತ್ರ ಸೇರಿಸಿದ್ದೇನೆ. ಅವತ್ತಿನಿಂದ ಕೆಲವು ಫೋನ್‌ಗಳು ರಿಜಿಸ್ಟರ್ ಆಗುತ್ತಿಲ್ಲ, ಕರೆ ಮಾಡಿದರೂ '483 ಟೂ ಮೆನಿ ಹಾಪ್ಸ್' ಅಂತ ಬರುತ್ತದೆ. ಉಳಿದ ಫೋನ್‌ಗಳಲ್ಲಿ ಕರೆ ಹೋಗುತ್ತದೆ, ಮಾತೂ ಕೇಳುತ್ತದೆ, ಆದರೆ ಅರ್ಧ ನಿಮಿಷಕ್ಕೆ ಕಟ್ ಆಗುತ್ತದೆ. ಲಾಗ್ ಫೈಲ್ ಬೆಳೆಯುತ್ತಲೇ ಇದೆ. ಮ್ಯಾಕ್ಸ್-ಫಾರ್ವರ್ಡ್ಸ್ (ಮೆಸೇಜ್ ಇನ್ನೆಷ್ಟು ಸಲ ದಾಟಬಹುದು ಅನ್ನುವ ಎಣಿಕೆ) ಸಾಲಿನಲ್ಲಿ 10 ಅಂತ ಇತ್ತು, 5 ಮಾಡಿ ನೋಡಿದೆ. ಏನೂ ಬದಲಾಗಲಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ. ಮೊದಲು ಆ 5ನ್ನು ವಾಪಸ್ 10 ಮಾಡಿಬಿಡಿ. ನಿಮ್ಮ ತೊಂದರೆಗೂ ಆ ಸಂಖ್ಯೆಗೂ ಸಂಬಂಧ ಇಲ್ಲ. ಕಮೈಲಿಯೊ ಫೈಲ್‌ನಲ್ಲಿ ಆ ಸಾಲು ನೋಡಿದವರೆಲ್ಲ 'ಓಹೋ, ಹತ್ತು ಸುತ್ತಿಗೆ ನಿಲ್ಲುತ್ತದೆ' ಅಂತಲೇ ಅಂದುಕೊಳ್ಳುತ್ತಾರೆ. ಹಾಗಲ್ಲ. ಮ್ಯಾಕ್ಸ್-ಫಾರ್ವರ್ಡ್ಸ್ ಹೆಡರ್ ಇಲ್ಲದೇ ಮೆಸೇಜ್ ಬಂದರೆ ಮಾತ್ರ ಆ 10 ಸೇರಿಕೊಳ್ಳುತ್ತದೆ. ಫೋನ್ ತಾನೇ 70 ಅಂತ ಹಾಕಿ ಕಳಿಸಿದ್ದರೆ (ಹೆಚ್ಚುಕಮ್ಮಿ ಎಲ್ಲ ಫೋನ್‌ಗಳೂ ಹಾಗೇ ಕಳಿಸುತ್ತವೆ) ಸರ್ವರ್ ಅದನ್ನು 69 ಮಾಡಿ ಮುಂದೆ ದಾಟಿಸುತ್ತದೆ, ಅಷ್ಟೇ. ಮೇಲಿನ ಮಿತಿ ಹಾಕುವುದಕ್ಕೆ ಆ ಮಾಡ್ಯೂಲ್‌ನಲ್ಲಿ ಬೇರೆ ಪ್ಯಾರಾಮೀಟರ್ ಇದೆ, ಅದರ ಮಾಮೂಲಿ ಬೆಲೆಯೂ 70. ಅದನ್ನು ಇಳಿಸಿದರೂ ಲೂಪ್ ಹೋಗುವುದಿಲ್ಲ. ಬೇಗ ಸಾಯುತ್ತದೆ, ಅಷ್ಟೇ. ಕರೆ ಮಾಡಿದವರಿಗೆ ಆಗಲೂ 483 ಬರುತ್ತದೆ.

ನೀವು ಬರೆದದ್ದನ್ನು ಓದಿದರೆ ಎರಡು ಬೇರೆ ಲೂಪ್‌ಗಳು ಒಟ್ಟಿಗೆ ಇರುವ ಹಾಗೆ ಕಾಣುತ್ತದೆ. 483 ಒಂದು, ಅರ್ಧ ನಿಮಿಷಕ್ಕೆ ಕಟ್ ಆಗುವುದು ಇನ್ನೊಂದು. ಎರಡಕ್ಕೂ ಬೇರು ಒಂದೇ. ಸರ್ವರ್‌ಗೆ ತನ್ನ ಹೆಸರು, ತನ್ನ ವಿಳಾಸ ಸರಿಯಾಗಿ ಗೊತ್ತಿಲ್ಲ. ತನಗೆ ಬಂದ ಪತ್ರವನ್ನು 'ಇದು ಯಾರದೋ' ಅಂತ ಮತ್ತೆ ಅಂಚೆ ಡಬ್ಬಕ್ಕೆ ಹಾಕುತ್ತಿದೆ, ಅದು ಮತ್ತೆ ಅದರ ಬಾಗಿಲಿಗೇ ಬರುತ್ತಿದೆ. ನಾನು ನೋಡಿದ ಸಿಪ್ (ಐಪಿ ಫೋನ್‌ಗಳು ಕರೆಗೆ ಬಳಸುವ ಮೆಸೇಜ್ ಪದ್ಧತಿ) ಲೂಪ್‌ಗಳಲ್ಲಿ ಜಾಸ್ತಿ ಪಾಲು ಇಂಥವೇ. ಅದಕ್ಕೇ ಯಾರಾದರೂ ಲೂಪ್ ಅಂದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ: ಇತ್ತೀಚೆಗೆ ಐಪಿ, ಡೊಮೈನ್ ಅಥವಾ ಪೋರ್ಟ್ ಏನಾದರೂ ಬದಲಾಯಿಸಿದ್ದೀರಾ?

ಈಗ ಲಾಗ್ ನೋಡುವುದನ್ನು ನಿಲ್ಲಿಸಿ. ಲೂಪ್ ಇರುವಾಗ ಲಾಗ್‌ನಿಂದ ಏನೂ ತಿಳಿಯುವುದಿಲ್ಲ, ಒಂದೇ ಸಾಲು ಸಾವಿರ ಸಲ ಇರುತ್ತದೆ. ಸರ್ವರ್‌ನಲ್ಲಿ ಎಸ್‌ಎನ್‌ಗ್ರೆಪ್ ಹಾಕಿಕೊಳ್ಳಿ, ಅದು ಸಿಪ್ ಮೆಸೇಜ್‌ಗಳನ್ನು ಹಿಡಿದು ತೋರಿಸುವ ಸಾಧನ. ಟಿಸಿಪಿಡಂಪ್‌ನಲ್ಲಿ ಪೋರ್ಟ್ 5060 ಹಿಡಿದರೂ ಆದೀತು, ಆದರೆ ಒಂದು ಕರೆಯ ಬಾಣಗಳನ್ನು ಸಾಲಾಗಿ ನೋಡುವುದಕ್ಕೆ ಎಸ್‌ಎನ್‌ಗ್ರೆಪ್ ಸುಲಭ. ಎಲ್ಲ ಇಂಟರ್‌ಫೇಸ್‌ಗಳ ಮೇಲೂ ಹಿಡಿಯಿರಿ. ಆಸ್ಟರಿಸ್ಕ್ ಅದೇ ಮೆಷಿನ್‌ನಲ್ಲಿದೆ ಅಂದಿರಲ್ಲ, ಅವೆರಡರ ಮಾತುಕತೆ ಲೂಪ್‌ಬ್ಯಾಕ್ ಇಂಟರ್‌ಫೇಸ್‌ನಲ್ಲೇ ನಡೆಯುತ್ತದೆ. ಎತರ್‌ನೆಟ್ ಒಂದನ್ನೇ ಹಿಡಿದರೆ ಅರ್ಧ ಕಥೆ ಕಾಣುವುದೇ ಇಲ್ಲ. ಆಮೇಲೆ ಕೆಟ್ಟಿರುವ ಒಂದೇ ಒಂದು ಫೋನ್‌ನಿಂದ ಒಂದೇ ಒಂದು ಕರೆ ಮಾಡಿ. ಸಾಧ್ಯವಾದರೆ ಆಫೀಸ್ ಮುಗಿದ ಮೇಲೆ, ಬೇರೆ ಫೋನ್‌ಗಳ ಗದ್ದಲ ಇಲ್ಲದಾಗ.

ಅಲ್ಲಿ ಏನು ಕಾಣುತ್ತದೆ ಅಂತ ಹೇಳುತ್ತೇನೆ. ನಿಮ್ಮ ಮೆಷಿನ್‌ನ ಒಳಗಿನ ಐಪಿ 10.0.0.5, ಪಬ್ಲಿಕ್ ಐಪಿ 203.0.113.10 ಅಂತ ಇಟ್ಟುಕೊಳ್ಳೋಣ (ಎರಡನೆಯದು ಉದಾಹರಣೆಗಂತಲೇ ಮೀಸಲಿಟ್ಟ ವಿಳಾಸ, ಯಾರದ್ದೂ ಅಲ್ಲ). ಕ್ಲೌಡ್‌ನಲ್ಲಿ ಪಬ್ಲಿಕ್ ಐಪಿ ಸಾಮಾನ್ಯವಾಗಿ ಮೆಷಿನ್ ಮೇಲೆ ಇರುವುದೇ ಇಲ್ಲ. ಹೊರಗೆ ಗೇಟ್‌ವೇ ಅದನ್ನು 10.0.0.5ಕ್ಕೆ ಬದಲಿಸಿ ಒಳಗೆ ಕಳಿಸುತ್ತದೆ. ಈಗ ಫೋನ್‌ನಿಂದ ಇನ್ವೈಟ್ (ಕರೆ ಶುರು ಮಾಡುವ ಮೆಸೇಜ್) ಬರುತ್ತದೆ. ಮೊದಲ ಸಾಲಿನಲ್ಲಿ ಇರುವುದು ಎಕ್ಸ್‌ಟೆನ್ಷನ್ 200, ಆಮೇಲೆ ಅಟ್ ಗುರುತು, ಆಮೇಲೆ ನಿಮ್ಮ ಡೊಮೈನ್. ಕಮೈಲಿಯೊ ಕೇಳಿಕೊಳ್ಳುವ ಪ್ರಶ್ನೆ ಒಂದೇ: 'ಈ ಡೊಮೈನ್ ನಾನೇನಾ?' ಫೈಲ್‌ನಲ್ಲಿ ಬರುವ 'ಮೈಸೆಲ್ಫ್' ಅನ್ನುವ ಪದದ ಕೆಲಸ ಇದೇ. ತನ್ನ ಲಿಸನ್ ವಿಳಾಸಗಳು (ತಾನು ಕೇಳುತ್ತಿರುವ ಐಪಿ, ಪೋರ್ಟ್) ಮತ್ತು ಏಲಿಯಾಸ್ ಪಟ್ಟಿ (ತನ್ನವೇ ಅಂತ ಬರೆದಿಟ್ಟ ಹೆಸರುಗಳು), ಇವುಗಳಲ್ಲಿ ಆ ಹೆಸರು ಇದೆಯಾ ಅಂತ ನೋಡುತ್ತದೆ. ಇಲ್ಲ. ಸರಿ, ಹಾಗಾದರೆ ಇದು ಹೊರಗಿನವರದ್ದು ಅಂತ ತೀರ್ಮಾನಿಸಿ, ಹೆಸರಿಗೆ ಐಪಿ ಹೇಳುವ ಡಿಎನ್‌ಎಸ್ ಕೇಳುತ್ತದೆ. ಡಿಎನ್‌ಎಸ್ 203.0.113.10 ಅನ್ನುತ್ತದೆ. ಪ್ಯಾಕೆಟ್ 10.0.0.5ರಿಂದ ಹೊರಟು ಗೇಟ್‌ವೇ ಮುಟ್ಟಿ, ತಿರುಗಿ 10.0.0.5ಕ್ಕೇ ಬರುತ್ತದೆ. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ.

ಎಸ್‌ಎನ್‌ಗ್ರೆಪ್‌ನಲ್ಲಿ ಒಂದು ಬಾಣ ಹೊರಗೆ ಹೋಗುತ್ತದೆ, ಒಂದು ಒಳಗೆ ಬರುತ್ತದೆ, ಹೀಗೆ ಪರದೆ ತುಂಬುತ್ತದೆ. ಕೊನೆಯ ಇನ್ವೈಟ್ ಒಂದನ್ನು ತೆರೆದು ವಯಾ ಹೆಡರ್‌ಗಳನ್ನು ನೋಡಿ. ಪತ್ರದ ಮೇಲೆ ಪ್ರತಿ ಅಂಚೆ ಕಚೇರಿಯವರು ಮುದ್ರೆ ಒತ್ತಿದ ಹಾಗೆ, ದಾಟಿಸಿದ ಪ್ರತಿ ಸರ್ವರ್ ತನ್ನ ವಯಾ ಒಂದನ್ನು ಮೇಲೆ ಸೇರಿಸುತ್ತದೆ. ಎಲ್ಲಕ್ಕಿಂತ ಕೆಳಗಿನದು ಫೋನ್‌ನದ್ದು, ಎಲ್ಲಕ್ಕಿಂತ ಮೇಲಿನದು ಈಗಷ್ಟೇ ಕಳಿಸಿದವರದ್ದು. ಕೆಳಗಿನಿಂದ ಮೇಲಕ್ಕೆ ಓದಿ. ನಿಮ್ಮಲ್ಲಿ ಫೋನ್ ಆದಮೇಲೆ ಒಂದೇ ವಿಳಾಸ ಸಾಲಾಗಿ ಕೂತಿರುತ್ತದೆ. ನಿಮ್ಮ ಫೈಲ್ ಕಮೈಲಿಯೊ ಜೊತೆ ಬರುವ ಮಾದರಿ ಫೈಲ್‌ನಿಂದ ಬೆಳೆದದ್ದಾದರೆ ಇನ್ನೊಂದು ಗುರುತೂ ಸಿಗುತ್ತದೆ. 'ಪಿ-ಹಿಂಟ್: ಔಟ್‌ಬೌಂಡ್' ಅನ್ನುವ ಸಾಲು ಒಂದರ ಕೆಳಗೆ ಒಂದು, ಎಷ್ಟು ಸುತ್ತು ಆಗಿದೆಯೋ ಅಷ್ಟು ಸಲ. 'ಇದು ನನ್ನದಲ್ಲ, ಹೊರಗೆ ಕಳಿಸುತ್ತಿದ್ದೇನೆ' ಅಂತ ಸರ್ವರ್ ತಾನೇ ಬರೆದುಕೊಟ್ಟ ಸಾಕ್ಷಿ ಅದು. ನನಗೆ ಆ ಸಾಲು ಎರಡು ಸಲ ಕಂಡರೆ ಸಾಕು, ಬೇರೆ ಏನನ್ನೂ ನೋಡದೆ ನೇರ ಏಲಿಯಾಸ್ ಪಟ್ಟಿಗೆ ಹೋಗುತ್ತೇನೆ.

ಇಲ್ಲಿ ಒಂದು ಎಚ್ಚರಿಕೆ. ಒಂದೇ ಸರ್ವರ್ ವಯಾದಲ್ಲಿ ಎರಡು ಸಲ ಕಂಡ ಮಾತ್ರಕ್ಕೆ ಅದು ಲೂಪ್ ಅಲ್ಲ. 200ಕ್ಕೆ ಬಂದ ಕರೆಯನ್ನು 201ಕ್ಕೆ ಫಾರ್ವರ್ಡ್ ಮಾಡಿದ್ದರೆ, ಮೆಸೇಜ್ ಬೇರೆ ಸರ್ವರ್ ಸುತ್ತಿ ವಾಪಸ್ ಬಂದರೂ ಈ ಸಲ ಮೊದಲ ಸಾಲಿನಲ್ಲಿ 201 ಇರುತ್ತದೆ. ಅದನ್ನು ಸ್ಪೈರಲ್ ಅನ್ನುತ್ತಾರೆ, ಅದು ನ್ಯಾಯವಾದದ್ದೇ. ಮೊದಲ ಸಾಲಿನ ವಿಳಾಸ ಒಂದು ಅಕ್ಷರವೂ ಬದಲಾಗದೆ ಮತ್ತೆ ಮತ್ತೆ ಬರುತ್ತಿದ್ದರೆ ಅದು ಲೂಪ್. ಆಮೇಲೆ 483ನ್ನೂ 482ನ್ನೂ ಬೆರೆಸಿಕೊಳ್ಳಬೇಡಿ. 483 ಅಂದರೆ ಎಣಿಕೆ ಸೊನ್ನೆಗೆ ಬಂತು ಅಂತ. 482 ಅಂದರೆ 'ಇದನ್ನು ನಾನು ಆಗಲೇ ನೋಡಿದ್ದೇನೆ' ಅಂತ. ಒಂದೇ ಇನ್ವೈಟ್ ಎರಡು ದಾರಿಯಲ್ಲಿ ಕವಲೊಡೆದು ಒಂದೇ ಫೋನ್ ಮುಟ್ಟಿದರೂ ಎರಡನೆಯದಕ್ಕೆ 482 ಬರುತ್ತದೆ. ಅಲ್ಲಿ ಲೂಪ್ ಹುಡುಕಿದರೆ ಸಿಗುವುದಿಲ್ಲ, ಫೋರ್ಕಿಂಗ್, ಅಂದರೆ ಈ ಕವಲೊಡೆಯುವುದನ್ನು ನೋಡಬೇಕು.

ಲಾಗ್ ಯಾಕೆ ಹಾಗೆ ಬೆಳೆಯುತ್ತಿದೆ ಅನ್ನುವುದಕ್ಕೆ ಲೆಕ್ಕ ಹಾಕಿ ನೋಡಿ. 70 ಸುತ್ತು. ಪ್ರತಿ ಸುತ್ತಿಗೂ ಒಂದು ಇನ್ವೈಟ್, ಅದಕ್ಕೆ ಸರ್ವರ್ ತನಗೇ ತಾನು ಕಳಿಸಿಕೊಳ್ಳುವ ಒಂದು '100 ಟ್ರೈಯಿಂಗ್', ಕೊನೆಯಲ್ಲಿ 483 ಹುಟ್ಟಿ ಬಂದ ದಾರಿಯಲ್ಲೇ ಒಂದೊಂದೇ ವಯಾ ಕಳಚುತ್ತಾ ಹಿಂದೆ ಬರುವಾಗ ಪ್ರತಿ ಹೆಜ್ಜೆಗೂ ಒಂದು 483, ಅದಕ್ಕೊಂದು ಆ್ಯಕ್ ('ತಲುಪಿತು' ಅನ್ನುವ ಮೆಸೇಜ್). ನಾಲ್ಕು ಎಪ್ಪತ್ತು ಅಂದರೆ ಸುಮಾರು 280 ಮೆಸೇಜ್, ಒಬ್ಬರು ಒಂದು ಸಲ ನಂಬರ್ ಒತ್ತಿದ್ದಕ್ಕೆ. ಗೇಟ್‌ವೇ ಪಕ್ಕದಲ್ಲೇ ಇರುವುದರಿಂದ ಇದೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿದಿರುತ್ತದೆ. ಜೊತೆಗೆ ರಿಜಿಸ್ಟರ್ ಆಗದ ಫೋನ್‌ಗಳು ಸುಮ್ನೆ ಕೂರುವುದಿಲ್ಲ, ಮತ್ತೆ ಮತ್ತೆ ಪ್ರಯತ್ನ ಮಾಡುತ್ತಲೇ ಇರುತ್ತವೆ, ಪ್ರತಿ ಪ್ರಯತ್ನಕ್ಕೂ ಇಷ್ಟೇ ಸುತ್ತು.

ಇನ್ನೊಂದು ವಿಷಯ, ಇದು ಎಷ್ಟೋ ಜನರ ದಾರಿ ತಪ್ಪಿಸುತ್ತದೆ. ಪ್ರತಿ ಸುತ್ತಿಗೂ ವಯಾ, ರೆಕಾರ್ಡ್-ರೂಟ್ (ಮುಂದಿನ ಮೆಸೇಜ್‌ಗಳೂ ನನ್ನ ಮೂಲಕವೇ ಬರಲಿ ಅಂತ ಸರ್ವರ್ ಬರೆಯುವ ಸಾಲು) ಎಲ್ಲ ಸೇರಿ ಪ್ಯಾಕೆಟ್ ದಪ್ಪ ಆಗುತ್ತಾ ಹೋಗುತ್ತದೆ. ಇನ್ವೈಟ್ ಮೊದಲೇ ಸಾವಿರ ಬೈಟ್ ಆಸುಪಾಸು ಇರುತ್ತದೆ, ಕೆಲವೇ ಸುತ್ತಿಗೆ 1500 ದಾಟುತ್ತದೆ. ಆಗ ಯುಡಿಪಿ ಪ್ಯಾಕೆಟ್ ತುಂಡಾಗುತ್ತದೆ. ಮಧ್ಯದಲ್ಲಿರುವ ಫೈರ್‌ವಾಲ್ ತುಂಡುಗಳನ್ನು ಎಸೆಯುವ ಜಾತಿಯದಾದರೆ ಲೂಪ್ ಅಲ್ಲೇ ನಿಂತುಹೋಗುತ್ತದೆ, 483 ಹುಟ್ಟುವುದೇ ಇಲ್ಲ. ಕರೆ ಮಾಡಿದವರಿಗೆ ಸುಮಾರು ಅರ್ಧ ನಿಮಿಷ ಬಿಟ್ಟು 408 ಟೈಮ್‌ಔಟ್ ಬರುತ್ತದೆ. ಸರ್ವರ್ ನೋಡಿಕೊಳ್ಳುವವರು ನೆಟ್‌ವರ್ಕ್ ಸರಿ ಇಲ್ಲ ಅಂತ ದಿನಗಟ್ಟಲೆ ಇಂಟರ್ನೆಟ್ ಕಂಪನಿಯವರ ಜೊತೆ ಜಗಳ ಆಡುತ್ತಿರುತ್ತಾರೆ. ನಿಮ್ಮಲ್ಲಿ 483 ಬರುತ್ತಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ರೋಗದ ಹೆಸರು ನೇರವಾಗಿ ಸಿಕ್ಕಿದೆ.

ಈಗ ಪರಿಹಾರ. ಕಮೈಲಿಯೊ ಫೈಲ್‌ನ ಮೇಲ್ಭಾಗದಲ್ಲಿ ಏಲಿಯಾಸ್ ಸಾಲು ಸೇರಿಸಿ, ಅದರಲ್ಲಿ ನಿಮ್ಮ ಡೊಮೈನ್ ಬರೆಯಿರಿ. ಫೋನ್‌ಗಳಲ್ಲಿ ಬಳಕೆಯಲ್ಲಿರುವ ಪ್ರತಿಯೊಂದು ಹೆಸರೂ ಬೇಕು. ಯಾರೋ ಒಬ್ಬರು ಹಳೇ ಹೆಸರನ್ನೇ ಇಟ್ಟುಕೊಂಡಿರುತ್ತಾರೆ, ಇನ್ನೊಬ್ಬರು ಮುಂದೆ ಸಿಪ್ ಅಂತ ಸೇರಿಸಿ ಬರೆದಿರುತ್ತಾರೆ. ಏಲಿಯಾಸ್ ಜೊತೆ ಪೋರ್ಟ್ ಬರೆದರೆ ಆ ಪೋರ್ಟ್‌ಗೆ ಮಾತ್ರ ಹೊಂದುತ್ತದೆ ಅನ್ನುವುದು ನೆನಪಿರಲಿ. 5060 ಅಂತ ಬರೆದು, ಆಮೇಲೆ ಯಾರಾದರೂ 5061ರಲ್ಲಿ ಟಿಎಲ್‌ಎಸ್ ಶುರು ಮಾಡಿದರೆ ಇದೇ ಕಥೆ ಮತ್ತೆ. ಡೊಮೈನ್‌ಗಳನ್ನು ಡೇಟಾಬೇಸ್‌ನಲ್ಲಿ ಇಟ್ಟಿದ್ದರೆ ಟೇಬಲ್‌ಗೆ ಸೇರಿಸಿದರೆ ಸಾಲದು, ರೀಲೋಡ್ ಕೊಡಬೇಕು. ಲಿಸನ್ ಸಾಲಿನಲ್ಲಿ ಒಳಗಿನ ಐಪಿ ಇಟ್ಟು, ಅಡ್ವರ್ಟೈಸ್ (ಹೊರಗಿನವರಿಗೆ ಹೇಳುವ ವಿಳಾಸ) ಅಂತ ಪಬ್ಲಿಕ್ ಐಪಿ ಕೊಟ್ಟಿದ್ದೀರಿ ಅಂದುಕೊಳ್ಳುತ್ತೇನೆ, ಅದು ಹಾಗೇ ಇರಲಿ. ಡೊಮೈನ್ ಬದಲು ನೇರ ಪಬ್ಲಿಕ್ ಐಪಿ ಹಾಕಿಕೊಂಡ ಫೋನ್‌ಗಳಲ್ಲಿ ಕರೆ ಶುರುವಾಗುತ್ತಿರುವುದು ಅದರಿಂದಲೇ. ಸೇವೆ ಶುರು ಆಗುವಾಗ ಕಮೈಲಿಯೊ 'ಲಿಸನಿಂಗ್ ಆನ್' ಅಂತ ಒಂದು ಪಟ್ಟಿ, 'ಏಲಿಯಾಸಸ್' ಅಂತ ಇನ್ನೊಂದು ಪಟ್ಟಿ ತೋರಿಸುತ್ತದೆ. ಫೈಲ್‌ನಲ್ಲಿ ಬರೆದದ್ದನ್ನು ನಂಬಬೇಡಿ, ಆ ಪಟ್ಟಿಯಲ್ಲಿ ಕಂಡದ್ದನ್ನು ನಂಬಿ.

ಹಳೇ ಸರ್ವರ್‌ನಲ್ಲಿ ಏಲಿಯಾಸ್ ಇಲ್ಲದೇ ಹೇಗೆ ನಡೆಯುತ್ತಿತ್ತು ಅಂತ ನೀವು ಕೇಳಬಹುದು. ಆಟೋ ಏಲಿಯಾಸ್ ಅಂತ ಒಂದು ಸೌಲಭ್ಯ ಇದೆ. ಅದು ಆನ್ ಆಗಿದ್ದರೆ ಸರ್ವರ್ ಶುರುವಾಗುವಾಗ ತನ್ನ ಐಪಿಗೆ ಯಾವ ಹೆಸರಿದೆ ಅಂತ ಡಿಎನ್‌ಎಸ್‌ನಲ್ಲಿ ಉಲ್ಟಾ ಹುಡುಕಿ ಆ ಹೆಸರನ್ನು ತಾನೇ ಸೇರಿಸಿಕೊಳ್ಳುತ್ತದೆ. ಆಫೀಸಿನ ಒಳಗಿನ ಡಿಎನ್‌ಎಸ್‌ನಲ್ಲಿ ಯಾರೋ ಎಂದೋ ಅದನ್ನು ಸರಿಯಾಗಿ ಬರೆದಿಟ್ಟಿದ್ದರೆ ಎಲ್ಲ ತಾನಾಗಿಯೇ ನಡೆಯುತ್ತಿತ್ತು. ಕ್ಲೌಡ್ ಮೆಷಿನ್‌ಗೆ ಉಲ್ಟಾ ಹುಡುಕಿದರೆ ಸಿಗುವುದು ಆ ಕ್ಲೌಡ್ ಕಂಪನಿ ಇಟ್ಟ ಉದ್ದದ ಹೆಸರು. ಹಾಗಾಗಿ ಈ ಸೌಲಭ್ಯವನ್ನು ಆಫ್ ಮಾಡಿ, ಹೆಸರುಗಳನ್ನು ಕೈಯಾರೆ ಬರೆಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇದೆಲ್ಲ ಮಾಡುವಷ್ಟರಲ್ಲಿ ಸರ್ವರ್ ಮೇಲೆ ಹೊರೆ ಜಾಸ್ತಿಯಾಗಿ ಒಳ್ಳೆಯ ಕರೆಗಳೂ ಕೆಡುತ್ತಿದ್ದರೆ ತುರ್ತಿಗೆ ಒಂದು ದಾರಿ ಇದೆ. ಫೈರ್‌ವಾಲ್‌ನಲ್ಲಿ, ನಿಮ್ಮದೇ ಪಬ್ಲಿಕ್ ಐಪಿಯಿಂದ 5060ಕ್ಕೆ ಬರುವ ಪ್ಯಾಕೆಟ್‌ಗಳನ್ನು ತಡೆಯಿರಿ. ಲೂಪ್ ಮೊದಲ ಸುತ್ತಿಗೇ ನಿಲ್ಲುತ್ತದೆ. ಕೆಟ್ಟ ಕರೆಗಳು ಕೆಟ್ಟೇ ಇರುತ್ತವೆ, ಉಳಿದವು ಬದುಕುತ್ತವೆ.

ಈಗ ನನಗೆ ನಿಮ್ಮ ಲೂಪ್‌ಗಿಂತ ಜಾಸ್ತಿ ಚಿಂತೆ ತಂದ ವಿಷಯ ಹೇಳುತ್ತೇನೆ. ಕಮೈಲಿಯೊ ಜೊತೆ ಬರುವ ಮಾದರಿ ಫೈಲ್‌ನ ದೃಢೀಕರಣ ಭಾಗದಲ್ಲಿ ಒಂದು ತಪಾಸಣೆ ಇರುತ್ತದೆ. ಕರೆ ಮಾಡುವವರೂ ನಮ್ಮವರಲ್ಲ, ಕರೆ ಹೋಗಬೇಕಾದ ಜಾಗವೂ ನಮ್ಮದಲ್ಲ ಅಂದರೆ 403 ಕೊಟ್ಟು ಹೊರಗೆ ಅಟ್ಟುವುದು. ಅದು ನಿಮ್ಮ ಫೈಲ್‌ನಲ್ಲಿ ಇದ್ದಿದ್ದರೆ, ಡೊಮೈನ್ ಗುರುತು ಸಿಗದ ಕರೆಗಳಿಗೆ 483 ಅಲ್ಲ, 403 ಬರಬೇಕಿತ್ತು. ಅಂದರೆ ಯಾರೋ ಎಂದೋ ಆ ಸಾಲುಗಳನ್ನು ತೆಗೆದಿದ್ದಾರೆ, ಅಥವಾ ಫೈಲನ್ನು ಮೊದಲಿನಿಂದ ಕೈಯಲ್ಲೇ ಬರೆದಿದ್ದಾರೆ. ಹಾಗಿದ್ದರೆ ನಿಮ್ಮ ಸರ್ವರ್ ಈಗ ಓಪನ್ ರಿಲೇ. ಯಾರು ಬೇಕಾದರೂ ಅದರ ಮೂಲಕ ಮೆಸೇಜ್ ದಾಟಿಸಬಹುದು. ಆಫೀಸಿನೊಳಗೆ ಇದ್ದಾಗ ಇದು ನಡೆದುಹೋಗುತ್ತಿತ್ತೋ ಏನೋ. ಪಬ್ಲಿಕ್ ಐಪಿಯಲ್ಲಿ ತೆರೆದ 5060 ಪೋರ್ಟ್ ಹುಡುಕುವುದಕ್ಕೇ ಪ್ರೋಗ್ರಾಂಗಳನ್ನು ಹಗಲು ರಾತ್ರಿ ಓಡಿಸುವವರಿದ್ದಾರೆ. ನಿಮ್ಮ ಲೈನ್‌ನಲ್ಲಿ ಐಎಸ್‌ಡಿ ಕರೆ ಮಾಡಿ ಬಿಲ್ ನಿಮಗೆ ಬಿಡುತ್ತಾರೆ. ದಯವಿಟ್ಟು ಏಲಿಯಾಸ್ ಸರಿ ಮಾಡಿದ ದಿನವೇ ಆ ತಪಾಸಣೆಯನ್ನೂ ವಾಪಸ್ ಹಾಕಿ, ನಾಳೆಗೆ ಇಡಬೇಡಿ.

ಇನ್ನು ಅರ್ಧ ನಿಮಿಷದ ಕಟ್. ಗಡಿಯಾರ ಹಿಡಿದು ನೋಡಿ, ಅದು ಅರ್ಧ ನಿಮಿಷ ಅಲ್ಲ, 32 ಸೆಕೆಂಡ್. ಈ 32 ಕಂಡ ಕೂಡಲೇ ಸಿಪ್ ಗೊತ್ತಿರುವವರ ಬಾಯಲ್ಲಿ ಬರುವ ಮಾತು 'ಆ್ಯಕ್ ಎಲ್ಲಿ?' ಅಂತ. ಆಚೆಯವರು ಫೋನ್ ಎತ್ತಿದಾಗ ಆಸ್ಟರಿಸ್ಕ್ '200 ಓಕೆ' ಕಳಿಸುತ್ತದೆ. ಅದಕ್ಕೆ ಕರೆ ಮಾಡಿದ ಫೋನ್ ಆ್ಯಕ್ ಕೊಡಬೇಕು. ಬರದಿದ್ದರೆ ಅರ್ಧ ಸೆಕೆಂಡಿಗೆ ಮತ್ತೆ 200 ಓಕೆ, ಆಮೇಲೆ 1 ಸೆಕೆಂಡ್ ಬಿಟ್ಟು, 2 ಬಿಟ್ಟು, 4 ಬಿಟ್ಟು, ಅಲ್ಲಿಂದ ಮುಂದೆ ನಾಲ್ಕು ನಾಲ್ಕು ಸೆಕೆಂಡಿಗೆ ಒಂದು. ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡ್ ಕಾದು, ಆಮೇಲೆ 'ಆಚೆಯವರು ಇಲ್ಲ' ಅಂತ ಬೈ (ಕರೆ ಮುಗಿಸುವ ಮೆಸೇಜ್) ಕಳಿಸಿ ಮುಗಿಸುತ್ತದೆ. ಅಷ್ಟು ಹೊತ್ತೂ ಮಾತು ಚೆನ್ನಾಗಿ ಕೇಳುತ್ತಿರುತ್ತದೆ, ಯಾಕೆಂದರೆ ಧ್ವನಿ ಹೋಗುವ ದಾರಿಯೇ ಬೇರೆ. ಎಸ್‌ಎನ್‌ಗ್ರೆಪ್‌ನಲ್ಲಿ ಒಂದೇ 200 ಓಕೆ ಮತ್ತೆ ಮತ್ತೆ ಸುಮಾರು ಹತ್ತು ಸಲ ಕಾಣಬೇಕು. ಕಂಡರೆ ಅನುಮಾನವೇ ಬೇಡ.

ಫೋನ್ ಆ್ಯಕ್ ಕಳಿಸಿಯೇ ಇರುತ್ತದೆ. ಅದು ದಾರಿಯಲ್ಲಿ ಸುತ್ತುತ್ತಿರುತ್ತದೆ. ಹೇಗೆ ಅಂದರೆ, 200 ಓಕೆಗೆ ಕೊಡುವ ಆ್ಯಕ್‌ನ ಮೊದಲ ಸಾಲಿನಲ್ಲಿ ಇರುವುದು ನೀವು ಒತ್ತಿದ ನಂಬರ್ ಅಲ್ಲ. 200 ಓಕೆಯ ಕಾಂಟ್ಯಾಕ್ಟ್ ಹೆಡರ್‌ನಲ್ಲಿ ಆಸ್ಟರಿಸ್ಕ್ ಯಾವ ವಿಳಾಸ ಕೊಟ್ಟಿದೆಯೋ ಅದು. ನಿಮ್ಮ 200 ಓಕೆ ತೆರೆದು ಕಾಂಟ್ಯಾಕ್ಟ್ ನೋಡಿ. ಆಸ್ಟರಿಸ್ಕ್ ಕೇಳುತ್ತಿರುವುದು ಬೇರೆ ಪೋರ್ಟ್‌ನಲ್ಲಿ, 5080 ಅಂತ ಇಟ್ಟುಕೊಳ್ಳಿ. ಎರಡೂ ಒಂದೇ ಮೆಷಿನ್‌ನ ಒಂದೇ ಐಪಿಯಲ್ಲಿ ಕೇಳುತ್ತಿದ್ದರೆ ಅದು 5060 ಆಗಲು ಸಾಧ್ಯ ಇಲ್ಲ. ಆದರೆ ಕಾಂಟ್ಯಾಕ್ಟ್‌ನಲ್ಲಿ 203.0.113.10 ಪೋರ್ಟ್ 5060 ಅಂತ ಇರುತ್ತದೆ ಅಂತ ನನ್ನ ಊಹೆ. ಕ್ಲೌಡ್‌ಗೆ ಬಂದಾಗ ಪಬ್ಲಿಕ್ ಐಪಿ ಸೇರಿಸಿದೆ ಅಂದಿರಲ್ಲ, ಆಸ್ಟರಿಸ್ಕ್‌ನ ಹೊರಗಿನ ಸಿಗ್ನಲಿಂಗ್ ವಿಳಾಸದ ಜಾಗದಲ್ಲೂ ಅದನ್ನೇ ಹಾಕಿ, ಫೈರ್‌ವಾಲ್‌ನಲ್ಲಿ 5060 ಮಾತ್ರ ತೆರೆದಿದೆ ಅಂತ ಪೋರ್ಟ್ ಕೂಡ 5060 ಅಂತಲೇ ಬರೆದಿರುತ್ತೀರಿ. ಬಹಳ ಜನ ಹೀಗೇ ಮಾಡುತ್ತಾರೆ. ಆದರೆ ಆ ವಿಳಾಸ, ಆ ಪೋರ್ಟ್ ಕಮೈಲಿಯೊದ್ದು. ಆಸ್ಟರಿಸ್ಕ್ ತನ್ನ ಮನೆ ನಂಬರ್ ಕೇಳಿದವರಿಗೆ ಪಕ್ಕದ ಮನೆಯ ನಂಬರ್ ಕೊಟ್ಟ ಹಾಗಾಯಿತು.

ಮುಂದೆ ಏನಾಗುತ್ತದೆ ನೋಡಿ. ಆ್ಯಕ್ ಕಮೈಲಿಯೊಗೆ ಬರುತ್ತದೆ. ರೂಟ್ ಹೆಡರ್‌ನಲ್ಲಿ ತನ್ನ ಹೆಸರು ನೋಡಿ ಅದನ್ನು ಕಳಚುತ್ತದೆ, ಇಲ್ಲಿಯವರೆಗೆ ಸರಿ. ಈಗ ಮೊದಲ ಸಾಲಿನ ವಿಳಾಸಕ್ಕೆ ಕಳಿಸಬೇಕು. ಅದು 203.0.113.10, ಪೋರ್ಟ್ 5060. ಕಳಿಸುತ್ತದೆ. ಗೇಟ್‌ವೇ ಸುತ್ತಿ ತನಗೇ ಬರುತ್ತದೆ. ಈ ಸಲ ರೂಟ್ ಹೆಡರ್ ಕೂಡ ಇಲ್ಲ. ಮಾದರಿ ಫೈಲ್‌ನಲ್ಲಿ ಇಂಥ ದಿಕ್ಕಿಲ್ಲದ ಆ್ಯಕ್ ಬಂದರೆ, ಗೊತ್ತಿರುವ ವ್ಯವಹಾರಕ್ಕೆ ಸೇರಿದ್ದಾ ಅಂತ ನೋಡಿ, ಅಲ್ಲದಿದ್ದರೆ ಅಲ್ಲೇ ಬಿಟ್ಟುಬಿಡುವ ಸಾಲು ಇದೆ. ನಿಮ್ಮ ಫೈಲ್‌ನಲ್ಲಿ ಅದೂ ಇಲ್ಲದಿದ್ದರೆ ಆ್ಯಕ್ ಮತ್ತೆ ಹೊರಗೆ, ಮತ್ತೆ ಒಳಗೆ. ಈ ಲೂಪ್‌ನ ಕೆಟ್ಟ ಗುಣ ಏನೆಂದರೆ ಇದು ಸದ್ದು ಮಾಡುವುದಿಲ್ಲ. ಸಿಪ್‌ನಲ್ಲಿ ಆ್ಯಕ್‌ಗೆ ಉತ್ತರ ಕೊಡುವ ಪದ್ಧತಿ ಇಲ್ಲ. ಹಾಗಾಗಿ ಎಣಿಕೆ ಸೊನ್ನೆ ಆದರೂ 483 ಯಾರಿಗೂ ಬರುವುದಿಲ್ಲ, ಪ್ಯಾಕೆಟ್ ಸುಮ್ನೆ ಸಾಯುತ್ತದೆ. ಫೋನ್‌ಗೂ ಗೊತ್ತಾಗುವುದಿಲ್ಲ, ಆಸ್ಟರಿಸ್ಕ್‌ಗೂ ಗೊತ್ತಾಗುವುದಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ಕರೆ ಮಾಡಿ ಹತ್ತನೇ ಸೆಕೆಂಡಿಗೆ ಮಾಡಿದವರೇ ಫೋನ್ ಇಡಿ. ಅವರ ಬೈ ಕೂಡ ಇದೇ ಕಾಂಟ್ಯಾಕ್ಟ್ ವಿಳಾಸಕ್ಕೇ ಹೋಗುವುದರಿಂದ ಅದೂ ಸುತ್ತುತ್ತದೆ, ಅದಕ್ಕೆ ಮಾತ್ರ 483 ಬರುತ್ತದೆ. ಆಚೆ ಕಡೆಯ ಫೋನ್‌ನಲ್ಲಿ 32 ಸೆಕೆಂಡ್ ಆಗುವವರೆಗೆ ಕರೆ ಹಾಗೇ ತೋರಿಸುತ್ತಿರುತ್ತದೆ.

ಇದನ್ನು ಸರಿ ಮಾಡುವುದು ಆಸ್ಟರಿಸ್ಕ್ ಕಡೆ. ಆಸ್ಟರಿಸ್ಕ್ ಮಾತಾಡುವುದು ಕಮೈಲಿಯೊ ಜೊತೆ ಮಾತ್ರ, ಅದೂ ಒಳಗಿನ ವಿಳಾಸದಲ್ಲಿ. ಹಾಗಾಗಿ ಕಾಂಟ್ಯಾಕ್ಟ್‌ನಲ್ಲಿ 10.0.0.5, ಪೋರ್ಟ್ 5080 ಇದ್ದರೆ ಸಾಕು, ಕಮೈಲಿಯೊ ಅದನ್ನು ಮುಟ್ಟಬಲ್ಲದು. ಪಿಜೆಸಿಪ್ (ಆಸ್ಟರಿಸ್ಕ್‌ನಲ್ಲಿ ಸಿಪ್ ನೋಡಿಕೊಳ್ಳುವ ಭಾಗ) ಫೈಲ್‌ನ ಟ್ರಾನ್ಸ್‌ಪೋರ್ಟ್ ಭಾಗದಲ್ಲಿ ಲೋಕಲ್ ನೆಟ್ ಅಂತ ಒಂದು ಸಾಲು ಇದೆ, ಅಲ್ಲಿ ನಿಮ್ಮ ಒಳಗಿನ ಜಾಲವನ್ನು ಬರೆದರೆ ಒಳಗಿನವರ ಜೊತೆ ಮಾತಾಡುವಾಗ ಹೊರಗಿನ ವಿಳಾಸ ಬಳಸುವುದಿಲ್ಲ. ಆದರೆ ಹಾಗೆ ಮಾಡಿದ ಕೂಡಲೇ ಧ್ವನಿಯ ವಿಳಾಸವೂ ಒಳಗಿನದೇ ಆಗುತ್ತದೆ, ಹೊರಗಿನ ಫೋನ್‌ಗಳಿಗೆ ಮಾತು ಕೇಳದೇ ಹೋಗಬಹುದು. ಅದಕ್ಕೆ ಎಂಡ್‌ಪಾಯಿಂಟ್ ಭಾಗದಲ್ಲಿ ಮೀಡಿಯಾ ಅಡ್ರೆಸ್ ಅಂತ ಪಬ್ಲಿಕ್ ಐಪಿ ಕೊಡಿ, ಅಥವಾ ಧ್ವನಿ ದಾಟಿಸುವುದಕ್ಕೆ ಆರ್‌ಟಿಪಿಎಂಜಿನ್ ಇಟ್ಟುಕೊಳ್ಳಿ. ಲೂಪ್ ಸರಿ ಮಾಡಿ ಧ್ವನಿ ಕಳೆದುಕೊಂಡು, ಹಳೆಯದೇ ವಾಸಿ ಅಂತ ಎಲ್ಲವನ್ನೂ ವಾಪಸ್ ಹಾಕಿಬಿಟ್ಟವರನ್ನು ನೋಡಿದ್ದೇನೆ. ಅದಕ್ಕೇ ಎರಡನ್ನೂ ಒಟ್ಟಿಗೆ ಮಾಡಿ ಅಂತ ಹೇಳುತ್ತಿದ್ದೇನೆ.

70 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 2002ರ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 3261 ಅನ್ನುವ ದಾಖಲೆಯೇ ಇವತ್ತಿನ ಸಿಪ್‌ಗೆ ಆಧಾರ. ಲೂಪ್ ಇಲ್ಲದ ಯಾವ ಜಾಲದಲ್ಲೂ ಮೆಸೇಜ್ ಅರ್ಧದಲ್ಲಿ ಸಾಯದಷ್ಟು ದೊಡ್ಡದು, ಲೂಪ್ ಆದಾಗ ಸರ್ವರ್‌ಗಳನ್ನು ಹೈರಾಣ ಮಾಡದಷ್ಟು ಚಿಕ್ಕದು ಅಂತ 70ನ್ನು ಆರಿಸಿದರು. ಆದರೆ ಒಂದು ಮೆಸೇಜ್ ಪ್ರತಿ ಸುತ್ತಿನಲ್ಲೂ ಎರಡಾಗಿ ಕವಲೊಡೆದರೆ? 70 ಸುತ್ತಿಗೆ 2ರ 70ನೇ ಘಾತ, ಅಂದರೆ 1ರ ಮುಂದೆ 21 ಸೊನ್ನೆಗಿಂತಲೂ ದೊಡ್ಡ ಸಂಖ್ಯೆ. ಇದನ್ನು ಬೇಕಂತಲೇ ಮಾಡಿ ಸರ್ವರ್ ಬೀಳಿಸಬಹುದು ಅಂತ ಗೊತ್ತಾಗಿ 2008ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 5393 ಬಂತು. ಕವಲೊಡೆಯುವ ಪ್ರಾಕ್ಸಿಗಳು ಲೂಪ್ ಪತ್ತೆ ಮಾಡಲೇಬೇಕು ಅಂತ ಅದು ಹೇಳಿತು. ನಿಮ್ಮಲ್ಲಿ ಒಂದೇ ಎಕ್ಸ್‌ಟೆನ್ಷನ್‌ಗೆ ಎರಡು ಮೂರು ಫೋನ್ ರಿಜಿಸ್ಟರ್ ಆಗುವ ವ್ಯವಸ್ಥೆ ಇದ್ದರೆ, ರಿಜಿಸ್ಟರ್ ಆದ ಫೋನ್‌ಗಳ ಟೇಬಲ್‌ನಲ್ಲಿ ಯಾರ ಕಾಂಟ್ಯಾಕ್ಟ್ ಜಾಗದಲ್ಲಾದರೂ ನಿಮ್ಮದೇ ಸರ್ವರ್‌ನ ವಿಳಾಸ ಕೂತಿದೆಯಾ ಅಂತ ಒಮ್ಮೆ ನೋಡಿ. ಕೂತಿದ್ದರೆ ಅಳಿಸಿ.

ಈಗ ನೀವು ಕೇಳದ, ಆದರೆ ನಿಮ್ಮ ಹಾಗೆ ಎರಡು ಸರ್ವರ್ ಇಟ್ಟವರಿಗೆ ಇವತ್ತಲ್ಲ ನಾಳೆ ಎದುರಾಗುವ ಮೂರನೇ ಲೂಪ್. ಕಮೈಲಿಯೊ ತನಗೆ ಗೊತ್ತಿಲ್ಲದ ನಂಬರ್ ಬಂದರೆ ಆಸ್ಟರಿಸ್ಕ್‌ಗೆ ಕಳಿಸುತ್ತದೆ. ಆಸ್ಟರಿಸ್ಕ್ ತನಗೆ ಗೊತ್ತಿಲ್ಲದ ನಂಬರ್ ಬಂದರೆ ಕಮೈಲಿಯೊಗೆ ಕಳಿಸುತ್ತದೆ. ಇಬ್ಬರಿಗೂ ಗೊತ್ತಿಲ್ಲದ ನಂಬರ್ ಯಾರಾದರೂ ಒತ್ತಿದರೆ ಮುಗಿಯಿತು. ಇಲ್ಲಿ ಮ್ಯಾಕ್ಸ್-ಫಾರ್ವರ್ಡ್ಸ್ ನಿಮ್ಮನ್ನು ಕಾಪಾಡುವುದಿಲ್ಲ. ಆಸ್ಟರಿಸ್ಕ್ ಪ್ರಾಕ್ಸಿ ಅಲ್ಲ, ಅದು ಒಂದು ಕರೆ ಮುಗಿಸಿಕೊಂಡು ಇನ್ನೊಂದು ಹೊಸ ಕರೆ ಹುಟ್ಟಿಸುತ್ತದೆ. ಹೊಸ ಕಾಲ್-ಐಡಿ, ಹೊಸ ವಯಾ, ಮತ್ತೆ ಹೊಸದಾಗಿ 70. ಎಣಿಕೆ ಎಂದೂ ಸೊನ್ನೆಗೆ ಬರುವುದಿಲ್ಲ. ಪ್ರತಿ ಸುತ್ತಿಗೂ ಆಸ್ಟರಿಸ್ಕ್‌ನಲ್ಲಿ ಎರಡು ಲೆಗ್ (ಒಳಗೆ ಬಂದ ಕರೆ ಒಂದು, ಹೊರಗೆ ಹೋದ ಕರೆ ಒಂದು), ಪ್ರತಿ ಲೆಗ್‌ಗೆ ಎರಡು ಆರ್‌ಟಿಪಿ (ಧ್ವನಿ ಸಾಗಿಸುವ) ಪೋರ್ಟ್. ಮಾದರಿ ಫೈಲ್‌ನಲ್ಲಿರುವ 10000ದಿಂದ 20000ದ ವರೆಗಿನ ಪೋರ್ಟ್‌ಗಳು ಸುಮಾರು 2500 ಸುತ್ತಿಗೆ ಖಾಲಿ, ಆಮೇಲೆ ಯಾರ ಕರೆಯೂ ಹೋಗುವುದಿಲ್ಲ. ಆಸ್ಟರಿಸ್ಕ್‌ನಂಥ ಬ್ಯಾಕ್-ಟು-ಬ್ಯಾಕ್ ಸರ್ವರ್‌ಗಳೂ ಎಣಿಕೆಯನ್ನು ಮುಂದೆ ದಾಟಿಸಬೇಕು ಅಂತ 2014ರಲ್ಲಿ ಆರ್‌ಎಫ್‌ಸಿ 7332 ಬಂದಿದೆ, ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ. ಕಮೈಲಿಯೊದಲ್ಲಿ ಒಂದು ನಿಯಮ ಬರೆಯಿರಿ: ಆಸ್ಟರಿಸ್ಕ್‌ನಿಂದ ಬಂದ ಇನ್ವೈಟ್ ಯಾವ ಕಾರಣಕ್ಕೂ ಆಸ್ಟರಿಸ್ಕ್‌ಗೆ ವಾಪಸ್ ಹೋಗಬಾರದು, ಬೇರೆ ದಾರಿ ಇಲ್ಲದಿದ್ದರೆ 404 ಕೊಡಬೇಕು. ಡಿಸ್ಪ್ಯಾಚರ್ (ಪಟ್ಟಿಯಲ್ಲಿರುವ ಸರ್ವರ್‌ಗಳಿಗೆ ಕರೆ ಹಂಚುವ) ಮಾಡ್ಯೂಲ್ ಬಳಸುತ್ತಿದ್ದರೆ, ಮೆಸೇಜ್ ತನ್ನ ಪಟ್ಟಿಯಲ್ಲಿರುವ ಸರ್ವರ್‌ನಿಂದ ಬಂದಿದೆಯಾ ಅಂತ ನೋಡುವ ಫಂಕ್ಷನ್ ಅದರಲ್ಲೇ ಇದೆ.

ಲೂಪ್ ನಮ್ಮ ಸರ್ವರ್ ದಾಟಿ ಟೆಲಿಫೋನ್ ಲೈನ್‌ಗೆ ಹೋದರೆ ಇನ್ನೂ ಕಷ್ಟ. ಒಂದು ಆಫೀಸಿನಲ್ಲಿ 30 ಚಾನೆಲ್‌ನ, ಅಂದರೆ ಒಟ್ಟಿಗೆ 30 ಕರೆ ಸಾಗುವ, ಪಿಆರ್‌ಐ ಟೆಲಿಫೋನ್ ಲೈನ್ ಇತ್ತು. ರಾತ್ರಿ ಬರುವ ಕರೆಗಳನ್ನು ಒಬ್ಬ ಮೇಲ್ವಿಚಾರಕರ ಮೊಬೈಲ್‌ಗೆ ಫಾರ್ವರ್ಡ್ ಮಾಡಿದ್ದರು. ಅವರು ಮೊಬೈಲ್ ಸ್ವಿಚ್ ಆಫ್ ಇದ್ದಾಗ ಕರೆ ತಪ್ಪಬಾರದು ಅಂತ ಅದನ್ನು ಆಫೀಸ್ ನಂಬರ್‌ಗೇ ಫಾರ್ವರ್ಡ್ ಮಾಡಿದ್ದರು. ಇಬ್ಬರದ್ದೂ ಒಳ್ಳೆಯ ಉದ್ದೇಶವೇ. ಒಂದು ರಾತ್ರಿ ಅವರ ಬ್ಯಾಟರಿ ಮುಗಿಯಿತು, ಒಂದೇ ಒಂದು ಕರೆ ಬಂತು. ಒಳಗೆ ಬರುವುದಕ್ಕೆ ಒಂದು ಚಾನೆಲ್, ಹೊರಗೆ ಹೋಗುವುದಕ್ಕೆ ಒಂದು, ಹದಿನೈದು ಸುತ್ತಿಗೆ 30 ಚಾನೆಲ್‌ಗಳೂ ತುಂಬಿಹೋದವು. ಆಸ್ಟರಿಸ್ಕ್ ಪರದೆಯಲ್ಲಿ ಹದಿನೈದು ಒಳಕರೆ, ಹದಿನೈದು ಹೊರಕರೆ, ಎಲ್ಲದರ ಎದುರಿಗೂ ಒಂದೇ ಮೊಬೈಲ್ ನಂಬರ್. ಆ ಪರದೆ ಇವತ್ತಿಗೂ ಕಣ್ಣ ಮುಂದೆ ಇದೆ. ಸಿಪ್ ಹೆಡರ್‌ಗಳೆಲ್ಲ ಟೆಲಿಫೋನ್ ಜಾಲ ದಾಟುವಾಗ ಕಳಚಿ ಬೀಳುವುದರಿಂದ ವಯಾ ನೋಡಿ ಹಿಡಿಯುವ ಹಾಗೂ ಇರಲಿಲ್ಲ. ಹೊರಗೆ ಫಾರ್ವರ್ಡ್ ಆಗುವ ಪ್ರತಿ ನಂಬರ್‌ಗೂ ಒಂದು ಸಮಯದಲ್ಲಿ ಎರಡೇ ಕರೆ ಅಂತ ಡಯಲ್‌ಪ್ಲಾನ್‌ನಲ್ಲಿ (ಯಾವ ನಂಬರ್‌ಗೆ ಏನು ಮಾಡಬೇಕು ಅಂತ ಆಸ್ಟರಿಸ್ಕ್‌ಗೆ ಬರೆದಿಟ್ಟ ನಿಯಮಗಳು) ಮಿತಿ ಹಾಕಿದೆ. ಆಸ್ಟರಿಸ್ಕ್‌ನ ಗ್ರೂಪ್ ಎಣಿಕೆ ಫಂಕ್ಷನ್ ಇದಕ್ಕೆ ಸಾಕು. ನಿಮ್ಮಲ್ಲೂ ಯಾರಾದರೂ ಮೊಬೈಲ್‌ಗೆ ಫಾರ್ವರ್ಡ್ ಇಟ್ಟುಕೊಂಡಿದ್ದರೆ ಇದನ್ನು ಹಾಕಿಡಿ.

ಎಲ್ಲ ಬದಲಾವಣೆ ಆದಮೇಲೆ ಒಂದೊಂದಾಗಿ ನೋಡಿ, ಒಟ್ಟಿಗೆ ಅಲ್ಲ. ಮೊದಲು ಡೊಮೈನ್ ಹಾಕಿದ ಫೋನ್ ಒಂದನ್ನು ರೀಸ್ಟಾರ್ಟ್ ಮಾಡಿ, ರಿಜಿಸ್ಟರ್ ಮೆಸೇಜ್ ಒಂದೇ ಸಲ ಒಳಗೆ ಬಂದು ಅಲ್ಲೇ ನಿಂತಿದೆಯಾ ನೋಡಿ. ಸಿಪ್‌ಸ್ಯಾಕ್ ಅನ್ನುವ ಸಣ್ಣ ಸಾಧನದಲ್ಲಿ ಟ್ರೇಸ್‌ರೂಟ್ ವಿಧಾನ ಇದೆ. ಅದು ಮ್ಯಾಕ್ಸ್-ಫಾರ್ವರ್ಡ್ಸ್ ಅನ್ನು ಸೊನ್ನೆ, ಒಂದು, ಎರಡು ಅಂತ ಏರಿಸುತ್ತಾ ಕಳಿಸಿ ಪ್ರತಿ ಹೆಜ್ಜೆಯಲ್ಲಿ ಯಾರು ಉತ್ತರ ಕೊಟ್ಟರು ಅಂತ ತೋರಿಸುತ್ತದೆ. ಎರಡು ಹೆಜ್ಜೆಯಲ್ಲಿ ಒಂದೇ ಐಪಿ ಕಂಡರೆ ಇನ್ನೂ ಯಾವುದೋ ಹೆಸರು ಏಲಿಯಾಸ್ ಪಟ್ಟಿಗೆ ಸೇರಿಲ್ಲ. ಆಮೇಲೆ ಒಂದು ಕರೆ ಮಾಡಿ, 32 ದಾಟಿ 40 ಸೆಕೆಂಡ್ ಮಾತಾಡಿ, ಕರೆ ಮಾಡಿದವರೇ ಇಡಿ. ಇನ್ನೊಂದು ಕರೆಯಲ್ಲಿ ಎತ್ತಿದವರು ಇಡಲಿ. ಎರಡೂ ಸಲ ಬೈಗೆ 200 ಬರಬೇಕು. ಬರದಿದ್ದರೆ ಆ ಒಂದು ಕರೆಯ 200 ಓಕೆಯಲ್ಲಿರುವ ಕಾಂಟ್ಯಾಕ್ಟ್ ಸಾಲು ಮತ್ತು ಸುತ್ತುತ್ತಿರುವ ಮೆಸೇಜ್‌ನ ವಯಾ ಸಾಲುಗಳನ್ನು ನನಗೆ ಬರೆದು ಕಳಿಸಿ, ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿದ ಸಂಕೇತ ಇರುವ ಆಥರೈಸೇಷನ್ ಸಾಲನ್ನು ಅಳಿಸಿಯೇ ಕಳಿಸಿ.